ಮಿಕ್ಕಿದ್ದು ಬೇಕಾದವರ ಕೈ ಸೇರುವುದು ಇಷ್ಟೇಕೆ ಕಷ್ಟ?

ಒಂದು ಕಾರ್ಖಾನೆ ತನ್ನ ಬಿಸಿನೀರನ್ನು ಆರಿಸಿ ಹೊರಬಿಡಲು ಹಗಲು ರಾತ್ರಿ ದೊಡ್ಡ ಫ್ಯಾನುಗಳನ್ನು ಓಡಿಸುತ್ತದೆ. ಬೇಲಿಯಾಚೆಯ ಘಟಕ ತಣ್ಣೀರು ಕಾಯಿಸಲು ಇಂಧನ ಸುಡುತ್ತದೆ. ಒಂದು ಗೋದಾಮಿನಲ್ಲಿ ಮೂರು ವರ್ಷದಿಂದ ಕದಲದ ಬಟ್ಟೆಯ ಥಾನುಗಳು ದೂಳು ಹಿಡಿಯುತ್ತಿರುತ್ತವೆ. ಅಂಥದ್ದೇ ಬಟ್ಟೆ ಬೇಕಾದ ಸಣ್ಣ ಹೊಲಿಗೆ ಘಟಕ ಹೊಸ ಸರಕಿಗೆ ಮುಂಗಡ ಕೊಟ್ಟು ಕಾಯುತ್ತಿರುತ್ತದೆ. ಸರಕು ಇಳಿಸಿದ ಲಾರಿ ಖಾಲಿ ಮರಳುವ ದಾರಿಯಲ್ಲೇ ಇನ್ಯಾರೋ ಲಾರಿಗಾಗಿ ಫೋನ್ ಮಾಡುತ್ತಿರುತ್ತಾರೆ. ಇಲ್ಲಿ ಯಾರೂ ದಡ್ಡರಲ್ಲ. ಪ್ರತಿಯೊಬ್ಬರೂ ತಂತಮ್ಮ ಲೆಕ್ಕಕ್ಕೆ ತಕ್ಕಂತೆ ಸರಿಯಾಗಿಯೇ ನಡೆದುಕೊಂಡಿದ್ದಾರೆ. ಎಲ್ಲರ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡುವವರು ಮಾತ್ರ ಇಲ್ಲ.

‘ಕಸದಿಂದ ರಸ’ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಒಂದು ತುದಿಯಲ್ಲಿ ಕಸ, ಇನ್ನೊಂದು ತುದಿಯಲ್ಲಿ ರಸ, ನಡುವೆ ‘ಇಂದ’ ಎಂಬ ಪುಟ್ಟ ಪ್ರತ್ಯಯ. ಉದ್ಯಮಗಳ ಮಟ್ಟಿಗೆ ಕಷ್ಟವೆಲ್ಲ ಆ ಪ್ರತ್ಯಯದಲ್ಲೇ ಅಡಗಿದೆ. ಮಿಕ್ಕಿದ್ದು ಒಬ್ಬರ ಅಂಗಳದಿಂದ ಇನ್ನೊಬ್ಬರ ಅಂಗಳಕ್ಕೆ ದಾಟಬೇಕಾದರೆ ಯಾರಿಗೆ ಏನು ಗೊತ್ತಿರಬೇಕು, ಯಾರು ಯಾರನ್ನು ನಂಬಬೇಕು, ಕಾನೂನು ಅದನ್ನು ಯಾವ ಹೆಸರಿನಿಂದ ಕರೆಯಬೇಕು ಎಂಬ ಪ್ರಶ್ನೆಗಳು ಎದುರಾಗುತ್ತವೆ. ತಂತ್ರಜ್ಞಾನದ ಪ್ರಶ್ನೆ ಬರುವುದು ಇವೆಲ್ಲ ಬಗೆಹರಿದ ಮೇಲೆ.

ಯಾರೂ ಯೋಜಿಸದ ಊರು

ಈ ವಿಷಯ ಓದುವವರೆಲ್ಲ ಒಮ್ಮೆಯಾದರೂ ಹೋಗಿ ನಿಲ್ಲುವ ಜಾಗ ಡೆನ್ಮಾರ್ಕಿನ ಕಲುಂಡ್‌ಬೋರ್ಗ್. ಸಮುದ್ರದ ದಂಡೆಯ ಒಂದು ಸಣ್ಣ ಕೈಗಾರಿಕಾ ಪಟ್ಟಣ. 1961ರಲ್ಲಿ ಅಲ್ಲಿನ ತೈಲ ಶುದ್ಧೀಕರಣ ಘಟಕಕ್ಕೆ ನೀರು ಬೇಕಾಯಿತು. ಅಂತರ್ಜಲ ಸಾಲದು. ಹಾಗಾಗಿ ಟಿಸ್ಸೊ ಎಂಬ ಸರೋವರದಿಂದ ಕೊಳವೆ ಹಾಕಿದರು. ಕೊಳವೆಯ ಕೆಲಸದ ಹೊಣೆ ಪುರಸಭೆಯದು, ಹಣ ಶುದ್ಧೀಕರಣ ಘಟಕದ್ದು. ನಂತರ ಶುದ್ಧೀಕರಣದಲ್ಲಿ ಹೆಚ್ಚಾಗಿ ಉಳಿದು ಸುಟ್ಟುಹೋಗುತ್ತಿದ್ದ ಅನಿಲವನ್ನು ಬಳಸಬಹುದೆಂದು 1972ರಲ್ಲಿ ಜಿಪ್ಸಮ್ ಹಲಗೆ ಮಾಡುವ ಕಾರ್ಖಾನೆ ಬಂತು. 1976ರಲ್ಲಿ ಇನ್ಸುಲಿನ್ ಮತ್ತು ಕಿಣ್ವ ತಯಾರಿಸುವ ನೋವೊ ಕಂಪನಿಯ ಹುದುಗಿನ ಗಸಿ ಸುತ್ತಲಿನ ಹೊಲಗಳಿಗೆ ಗೊಬ್ಬರವಾಗಿ ಹೋಗತೊಡಗಿತು. 1979ರಲ್ಲಿ ಆಸ್ನೆಸ್ ವಿದ್ಯುತ್ ಸ್ಥಾವರದ ಹಾರುಬೂದಿ ಸಿಮೆಂಟಿಗೆ. 1980ರ ದಶಕದ ಮೊದಲಲ್ಲಿ ಅದೇ ಸ್ಥಾವರದ ಉಗಿ ತೈಲ ಶುದ್ಧೀಕರಣ ಘಟಕಕ್ಕೆ, ನೋವೊಗೆ, ಶಾಖ ಊರಿನ ಮನೆಗಳಿಗೆ. 1993ರಲ್ಲಿ ಹೊಗೆಯಿಂದ ಗಂಧಕವನ್ನು ಬೇರ್ಪಡಿಸುವಾಗ ಸಿಗುವ ಜಿಪ್ಸಮ್ ಪಕ್ಕದ ಹಲಗೆ ಕಾರ್ಖಾನೆಗೆ.

ಈ ಇಸವಿಗಳನ್ನು ಸಾಲಾಗಿ ಬರೆದದ್ದಕ್ಕೆ ಕಾರಣವಿದೆ. ಮೊದಲ ಕೊಳವೆಗೂ ಜಿಪ್ಸಮ್ ಒಪ್ಪಂದಕ್ಕೂ ನಡುವೆ ಮೂವತ್ತೆರಡು ವರ್ಷಗಳಿವೆ. ಯಾವ ಹಂತದಲ್ಲೂ ‘ಇದೊಂದು ಮಾದರಿ ಊರಾಗಬೇಕು’ ಎಂಬ ನಕ್ಷೆ ಇರಲಿಲ್ಲ. ಪ್ರತಿಯೊಂದೂ ಇಬ್ಬರ ನಡುವಿನ ವ್ಯವಹಾರ; ಇಬ್ಬರಿಗೂ ಲಾಭವಿದ್ದದ್ದರಿಂದ ಆಯಿತು. ಅದಕ್ಕೆ ‘ಕೈಗಾರಿಕಾ ಸಹಜೀವನ’ ಎಂಬ ಹೆಸರು ಸಿಕ್ಕಿದ್ದು 1980ರ ದಶಕದ ಕೊನೆಯಲ್ಲಿ, ಅಷ್ಟು ಹೊತ್ತಿಗೆ ಸಂಸಾರ ಅರ್ಧ ದಾರಿ ಸಾಗಿಯಾಗಿತ್ತು. ಅಲ್ಲಿನ ಕಾರ್ಖಾನೆಗಳ ನಡುವಿನ ಭೌತಿಕ ದೂರ ಹೇಗೆ ಕಡಿಮೆಯೋ, ಅವುಗಳನ್ನು ನಡೆಸುವವರ ಮನಸ್ಸುಗಳ ನಡುವಿನ ದೂರವೂ ಹಾಗೇ ಕಡಿಮೆ ಇತ್ತು ಎಂದು ಅಧ್ಯಯನಕಾರರು ಮತ್ತೆ ಮತ್ತೆ ಹೇಳುತ್ತಾರೆ. ಸಣ್ಣ ಊರು. ಮ್ಯಾನೇಜರುಗಳಿಗೆ ಒಬ್ಬರಿಗೊಬ್ಬರ ಪರಿಚಯ.

ಇದನ್ನು ನೋಡಿ ಬೇರೆಯವರಿಗೂ ಆಸೆ ಹುಟ್ಟಿತು. 1990ರ ದಶಕದಲ್ಲಿ ಅಮೆರಿಕದಲ್ಲಿ ಹೊಸದಾಗಿ ‘ಪರಿಸರ-ಕೈಗಾರಿಕಾ ಪಾರ್ಕು’ಗಳನ್ನು ಕಟ್ಟುವ ಯೋಜನೆಗಳು ಹೊರಟವು. ವರ್ಜೀನಿಯಾದ ಕೇಪ್ ಚಾರ್ಲ್ಸ್, ಬಾಲ್ಟಿಮೋರ್, ಚಾಟನೂಗ, ಬ್ರೌನ್ಸ್‌ವಿಲ್‌ಗಳನ್ನು ಮಾದರಿ ತಾಣಗಳೆಂದು ಗುರುತಿಸಿದರು. ಅಂದುಕೊಂಡಂಥ ಕೊಡು-ಕೊಳ್ಳುವಿಕೆ ಅಲ್ಲಿ ಬೆಳೆಯಲಿಲ್ಲ. ಯೇಲ್ ವಿಶ್ವವಿದ್ಯಾಲಯದ ಮರಿಯನ್ ಚೆರ್ಟೊ 2007ರಲ್ಲಿ ಈ ಅನುಭವಗಳನ್ನೆಲ್ಲ ಹೋಲಿಸಿ, ಹೊಸದಾಗಿ ಯೋಜಿಸಿದ ತಾಣಗಳಿಗಿಂತ ಈಗಾಗಲೇ ಅಲ್ಲಲ್ಲಿ ನಡೆಯುತ್ತಿರುವ ವಿನಿಮಯಗಳನ್ನು ಗುರುತಿಸಿ ಬೆಳೆಸುವುದೇ ಫಲ ಕೊಡುವ ದಾರಿ ಎಂದು ವಾದಿಸಿದರು. ನನಗೆ ಈ ಮಾತು ಪೂರ್ತಿ ಒಪ್ಪಿಗೆ. ಯಾರ ಹತ್ತಿರ ಏನು ಮಿಗುತ್ತದೆ ಎಂಬುದು ಗೊತ್ತಾಗುವುದೇ ಕೆಲಸ ಶುರುವಾಗಿ ಕೆಲವು ವರ್ಷ ಕಳೆದ ಮೇಲೆ. ಹುಟ್ಟದ ಮಿಗತೆಗೆ ಮೊದಲೇ ಗಿರಾಕಿ ಹುಡುಕಲಾಗದು.

ಮಿಗತೆಗೆ ತನ್ನದೇ ಸ್ವಭಾವವಿದೆ

ಮಾರಲೆಂದೇ ಮಾಡಿದ ಸರಕಿಗೂ ಮಿಕ್ಕುಳಿದದ್ದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ, ಇದನ್ನು ಮರೆತೇ ಬಹಳ ಯೋಜನೆಗಳು ಮುಗ್ಗರಿಸುತ್ತವೆ. ಸರಕಿಗೆ ಬೇಡಿಕೆ ಹೆಚ್ಚಿದರೆ ತಯಾರಿಕೆ ಹೆಚ್ಚುತ್ತದೆ. ಮಿಗತೆ ಹಾಗಲ್ಲ. ಜಿಪ್ಸಮ್ಮಿಗೆ ಬೇಡಿಕೆ ಬಂತೆಂದು ವಿದ್ಯುತ್ ಸ್ಥಾವರ ಹೆಚ್ಚು ಕಲ್ಲಿದ್ದಲು ಸುಡುವುದಿಲ್ಲ. ಜನ ವಿದ್ಯುತ್ ಬಳಸಿದಷ್ಟು ಜಿಪ್ಸಮ್, ಅಷ್ಟೆ. ಅಂದರೆ ಮಿಗತೆಯನ್ನು ನಂಬಿದ ಉದ್ಯಮ ತನಗೆ ಸಂಬಂಧವೇ ಇಲ್ಲದ ಇನ್ನೊಂದು ಮಾರುಕಟ್ಟೆಯ ಏರಿಳಿತಕ್ಕೆ ತಲೆಕೊಟ್ಟಿರುತ್ತದೆ.

ಅದಕ್ಕೇ ಕೊಳ್ಳುವವನು ಬೆಲೆಗಿಂತ ಮೊದಲು ಬೇರೆ ಪ್ರಶ್ನೆ ಕೇಳುತ್ತಾನೆ: ವಾರಕ್ಕೆ ಎಷ್ಟು ಬರುತ್ತದೆ? ನಿಮ್ಮ ಘಟಕ ರಿಪೇರಿಗೆ ನಿಂತ ತಿಂಗಳಲ್ಲಿ ಏನು ಮಾಡಲಿ? ತೇವಾಂಶ, ಬಣ್ಣ, ಕಲಬೆರಕೆ ಒಂದು ಲೋಡಿನಿಂದ ಇನ್ನೊಂದಕ್ಕೆ ಎಷ್ಟು ಬದಲಾಗುತ್ತದೆ? ಪುಕ್ಕಟೆ ಸಿಗುವ ಉಗಿ ಕೂಡ, ಯಾವ ಹೊತ್ತಿಗೆ ನಿಲ್ಲುವುದೋ ಗೊತ್ತಿಲ್ಲದಿದ್ದರೆ, ದುಬಾರಿಯೇ. ಅದು ನಿಂತ ದಿನಕ್ಕಾಗಿ ತನ್ನದೇ ಬಾಯ್ಲರ್ ಇಟ್ಟುಕೊಳ್ಳಲೇಬೇಕು. ಹಾಗೆ ಇಟ್ಟುಕೊಂಡ ಬಾಯ್ಲರಿನ ಖರ್ಚು ಯಾರದು ಎಂಬುದನ್ನು ಬರೆದಿಡದ ಒಪ್ಪಂದ ಮೊದಲ ಅಡಚಣೆಗೇ ಮುರಿಯುತ್ತದೆ.

ದೂರವೂ ಲೆಕ್ಕ ಬದಲಿಸುತ್ತದೆ. ಉಗಿ ಹೆಚ್ಚು ದೂರ ಹೋಗಲಾರದು, ದಾರಿಯಲ್ಲೇ ಶಾಖ ಕಳೆದುಕೊಳ್ಳುತ್ತದೆ. ಬಿಸಿನೀರು ಇನ್ನಷ್ಟು ದೂರ ಹೋದೀತು. ಹಾರುಬೂದಿ, ಲೋಹದ ತುಣುಕು, ಬಟ್ಟೆ ನೂರಾರು ಕಿಲೋಮೀಟರ್ ಪಯಣಿಸಬಲ್ಲವು. ಹೀಗಾಗಿ ಶಾಖಕ್ಕೆ ನೆರೆಮನೆಯೇ ಬೇಕು, ವಸ್ತುವಿಗೆ ಪ್ರಾಂತ್ಯ ಸಾಕು. ಹತ್ತಿರವಿದ್ದ ಮಾತ್ರಕ್ಕೆ ಎಲ್ಲ ಆಗುತ್ತದೆಂಬ ನಂಬಿಕೆಯೂ ಅರೆ ಸತ್ಯವೇ. ಕೊರಿಯಾದ ಉಲ್ಸಾನ್‌ನಂಥ ಬೃಹತ್ ಕೈಗಾರಿಕಾ ನಗರದಲ್ಲೂ, 2005ರಲ್ಲಿ ಸರ್ಕಾರ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಶುರುಮಾಡಿ ಹುಡುಕುವ, ಜೋಡಿಸುವ ಕೆಲಸಕ್ಕೆಂದೇ ಜನರನ್ನು ನಿಯೋಜಿಸಿದ ಮೇಲೆ ಇಂಥ ಜೋಡಣೆಗಳು ವೇಗ ಪಡೆದವು. ಊರಿನ ಕಸ ಸುಡುವ ಘಟಕದ ಉಗಿ ಪಕ್ಕದ ಕಾರ್ಖಾನೆ ಸೇರಿದ್ದು ಹಾಗೆ.

ಕೊಡಲು ಹಿಂಜರಿಕೆ ಏಕೆ?

ಈ ಹಿಂಜರಿಕೆಯನ್ನು ಹೊರಗಿನವರು ಸಾಕಷ್ಟು ಅರ್ಥಮಾಡಿಕೊಳ್ಳುವುದಿಲ್ಲ. ತನ್ನ ಬಳಿ ಮಿಕ್ಕಿದೆ ಎಂದು ಹೇಳಿಕೊಳ್ಳುವುದೆಂದರೆ ಉದ್ಯಮಿಯೊಬ್ಬ ತನ್ನ ಬಗ್ಗೆ ಬಹಳಷ್ಟನ್ನು ಬಾಯಿಬಿಟ್ಟಂತೆ. ತ್ಯಾಜ್ಯದ ಪ್ರಮಾಣ ನೋಡಿ ಉತ್ಪಾದನೆಯ ಪ್ರಮಾಣ ಊಹಿಸಬಹುದು. ಅದರ ರಾಸಾಯನಿಕ ಪಟ್ಟಿ ನೋಡಿ ತಯಾರಿಕೆಯ ಗುಟ್ಟನ್ನು ಊಹಿಸಬಹುದು. ಮಾರಾಟವಾಗದ ಸ್ಟಾಕು ನೋಡಿ ಯಾವ ಅಂದಾಜು ತಪ್ಪಿತೆಂದು ತಿಳಿಯಬಹುದು. ಪ್ರತಿಸ್ಪರ್ಧಿಗಳ ನಡುವೆ ಇಂಥ ಮಾಹಿತಿ ಹರಿದಾಡಿದರೆ ಪೈಪೋಟಿ ಕಾನೂನಿನ ಕಣ್ಣಿಗೂ ಬೀಳಬಹುದು.

ಇನ್ನೊಂದು ಅಡ್ಡಿ ಲೆಕ್ಕದ ಪುಸ್ತಕದೊಳಗೇ ಇದೆ. ಕೊಂಡ ಬೆಲೆಗೆ ಪುಸ್ತಕದಲ್ಲಿ ಕೂತಿರುವ ಹಳೆಯ ಸ್ಟಾಕನ್ನು ಕಾಲು ಬೆಲೆಗೆ ಕೊಟ್ಟ ದಿನವೇ ಮುಕ್ಕಾಲು ಭಾಗ ನಷ್ಟ ಬರೆಯಬೇಕು. ಗೋದಾಮಿನಲ್ಲಿ ಬಿಟ್ಟರೆ ಆ ನೋವನ್ನು ಮುಂದಿನ ವರ್ಷಕ್ಕೆ ದೂಡಬಹುದು. ಲೆಕ್ಕದ ನಿಯಮಗಳು ಬೆಲೆ ಕುಸಿದ ಸ್ಟಾಕನ್ನು ಇಳಿಸಿ ಬರೆಯಬೇಕೆಂದೇ ಹೇಳುತ್ತವೆ. ಆದರೆ ಯಾವಾಗ ಕುಸಿಯಿತೆಂದು ಒಪ್ಪಿಕೊಳ್ಳುವುದು ಮನುಷ್ಯರ ಕೈಯಲ್ಲಿದೆ. ಸಾಮಾನು ಹಾಗೇ ಕೆಡುತ್ತದೆ.

ಹೆಸರುಳ್ಳ ಬ್ರಾಂಡುಗಳದ್ದು ಮತ್ತೊಂದು ಭಯ. ಕಡಿಮೆ ಬೆಲೆಗೆ ಹೊರಹೋದ ಸರಕು ಹೆಸರಿನ ಮೌಲ್ಯ ಇಳಿಸೀತೆಂಬ ಆತಂಕ. ಬ್ರಿಟನ್ನಿನ ಬರ್ಬೆರಿ ಕಂಪನಿ ಒಂದೇ ವರ್ಷದಲ್ಲಿ 2.86 ಕೋಟಿ ಪೌಂಡ್ ಮೌಲ್ಯದ ಮಾರಾಟವಾಗದ ಸರಕು ನಾಶಪಡಿಸಿದ್ದು 2018ರಲ್ಲಿ ಅದರದೇ ವಾರ್ಷಿಕ ವರದಿಯಿಂದ ಹೊರಬಂದು ದೊಡ್ಡ ಗದ್ದಲವಾಯಿತು. ಅದೇ ವರ್ಷ ಕಂಪನಿ ಆ ಪದ್ಧತಿ ಕೈಬಿಟ್ಟಿತು. ಫ್ರಾನ್ಸ್ 2020ರ ಕಾನೂನಿನಲ್ಲಿ ಮಾರಾಟವಾಗದ ಆಹಾರೇತರ ಸರಕುಗಳ ನಾಶವನ್ನೇ ನಿಷೇಧಿಸುವ ದಾರಿ ಹಿಡಿಯಿತು. ಯುರೋಪಿಯನ್ ಒಕ್ಕೂಟ 2024ರ ನಿಯಮದಲ್ಲಿ ದೊಡ್ಡ ಕಂಪನಿಗಳ ಉಡುಪು, ಪಾದರಕ್ಷೆಗಳಿಗೆ ಅದೇ ತತ್ವ ಅನ್ವಯಿಸಿತು. ಸುಡಬಾರದು ಎಂಬ ಆಜ್ಞೆ ಅಗತ್ಯ, ಅದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಸುಡದ ಸರಕು ನಿಜಕ್ಕೂ ಬೇಕಾದವರನ್ನು ಹೇಗೆ ತಲುಪಬೇಕು ಎಂಬುದಕ್ಕೆ ಆಜ್ಞೆಯೊಂದೇ ಉತ್ತರವಾಗದು.

ನಡುವೆ ನಿಲ್ಲುವವರು

ಉತ್ತರ ಹುಡುಕಲು ಹಲವರು ಪಟ್ಟಿಗಳನ್ನು ಮಾಡಿದರು. 1970ರ ದಶಕದಿಂದಲೂ ಯುರೋಪಿನಲ್ಲಿ, ಉತ್ತರ ಅಮೆರಿಕದಲ್ಲಿ ‘ತ್ಯಾಜ್ಯ ವಿನಿಮಯ’ ಪತ್ರಿಕೆಗಳು ಬಂದವು, ಆಮೇಲೆ ಜಾಲತಾಣಗಳು. ‘ನಮ್ಮಲ್ಲಿದೆ’, ‘ನಮಗೆ ಬೇಕು’ ಎಂಬ ಎರಡು ಕಾಲಂ. ಕೆಲವು ವರ್ಷ ನಡೆದು ಎಷ್ಟೋ ಸೊರಗಿದವು. ಪಟ್ಟಿ ನೋಡಿದವನಿಗೆ ಅದರ ಹಿಂದಿನ ಅರ್ಧ ವಿಷಯ ಗೊತ್ತಾಗುವುದಿಲ್ಲ. ‘ಪ್ಲಾಸ್ಟಿಕ್ ತುಣುಕು, ತಿಂಗಳಿಗೆ 4 ಟನ್’ ಎಂದರೆ ಯಾವ ಪ್ಲಾಸ್ಟಿಕ್, ಎಣ್ಣೆ ಹತ್ತಿದೆಯೇ, ಬಣ್ಣ ಬೆರೆತಿದೆಯೇ? ಇದನ್ನು ಕೇಳಲು, ನೋಡಲು, ಒಂದು ಚೀಲ ಒಯ್ದು ಯಂತ್ರದಲ್ಲಿ ಓಡಿಸಿ ನೋಡಲು ಮನುಷ್ಯರು ಬೇಕು.

ಬ್ರಿಟನ್ 2005ರಲ್ಲಿ ದೇಶಾದ್ಯಂತ ಶುರುಮಾಡಿದ ರಾಷ್ಟ್ರೀಯ ಕೈಗಾರಿಕಾ ಸಹಜೀವನ ಕಾರ್ಯಕ್ರಮ ಇದನ್ನು ಚೆನ್ನಾಗಿ ಅರಿತಿತ್ತು. ಬೇರೆ ಬೇರೆ ವಲಯದ ಕಂಪನಿಗಳವರನ್ನು ಒಂದು ಕೋಣೆಯಲ್ಲಿ ಕೂರಿಸಿ, ಏನಿದೆ ಏನು ಬೇಕು ಎಂದು ಚೀಟಿಯಲ್ಲಿ ಬರೆಸಿ, ಮೇಜಿನಿಂದ ಮೇಜಿಗೆ ಮಾತು ಹೊಂದಿಸುತ್ತಿದ್ದರು. ಮುಖ್ಯವಾದದ್ದು ಆಮೇಲಿನದು. ಕೈಗಾರಿಕೆಯ ಒಳಹೊರಗು ಬಲ್ಲ ತಜ್ಞರು ಅಲ್ಲಿ ಹುಟ್ಟಿದ ಪ್ರತಿ ಸುಳಿವಿನ ಹಿಂದೆ ಬೀಳುತ್ತಿದ್ದರು: ಪರೀಕ್ಷೆ ಮಾಡಿಸುವುದು, ಪರವಾನಗಿಗೆ ಓಡಾಡುವುದು, ಸಾಗಣೆದಾರನನ್ನು ಹುಡುಕುವುದು, ಸುಮ್ಮನಾದವರಿಗೆ ಮತ್ತೆ ಫೋನ್ ಮಾಡುವುದು. ಗುಟ್ಟು ಕಾಯುವ ಮೂರನೆಯವರು ನಡುವೆ ಇದ್ದದ್ದರಿಂದ ಕಂಪನಿಗಳೂ ಧೈರ್ಯವಾಗಿ ಬಾಯಿಬಿಟ್ಟವು.

ಆ ಕಾರ್ಯಕ್ರಮಕ್ಕೆ ಬೆನ್ನೆಲುಬಾಗಿದ್ದದ್ದು ಒಂದು ತೆರಿಗೆ. ಭೂಭರ್ತಿಗೆ, ಅಂದರೆ ಕಸವನ್ನು ನೆಲದಲ್ಲಿ ಹೂಳುವುದಕ್ಕೆ, ಬ್ರಿಟನ್ 1996ರಲ್ಲಿ ಟನ್ನಿಗೆ 7 ಪೌಂಡ್ ತೆರಿಗೆ ಹಾಕಿತು. ಅದನ್ನು ಏರಿಸುತ್ತಾ 2014ರ ಹೊತ್ತಿಗೆ 80 ಪೌಂಡಿಗೆ ತಂದಿತು. ಮುಂದೆಯೂ ಏರುತ್ತದೆಂದು ಮೊದಲೇ ಸಾರಿದ್ದರಿಂದ ಕಂಪನಿಗಳಿಗೆ ಬೇರೆ ದಾರಿ ಹುಡುಕಲು ಸಮಯವಿತ್ತು. ಆ ತೆರಿಗೆಯ ಒಂದು ಪಾಲು ಈ ಜೋಡಣೆಯ ಕೆಲಸಕ್ಕೇ ಸಂದಾಯವಾಗುತ್ತಿತ್ತು. ಹೂಳುವುದನ್ನು ದುಬಾರಿ ಮಾಡಿ, ಆ ಹಣದಿಂದಲೇ ಹೂಳದ ದಾರಿ ತೋರಿಸುವ ಈ ಏರ್ಪಾಡು ನಾನು ಓದಿದ ನೀತಿಗಳಲ್ಲೇ ಅತ್ಯಂತ ವಿವೇಕದ್ದು. ಮುಂದೆ ಸರ್ಕಾರದ ಹಣ ಕಡಿಮೆಯಾಗುತ್ತಾ ಬಂದು ನಿಂತಿತು, ಕಾರ್ಯಕ್ರಮದ ಹರವು ಕುಗ್ಗಿತು. ಜೋಡಿಸುವವನ ಶ್ರಮದ ಲಾಭ ಹತ್ತಾರು ಕಂಪನಿಗಳಿಗೆ ಹಂಚಿಹೋಗುತ್ತದೆ. ಅವನ ಸಂಬಳ ಕೊಡಲು ಅವುಗಳಲ್ಲಿ ಒಂದೂ ತಾನಾಗಿ ಮುಂದೆ ಬರುವುದಿಲ್ಲ. ಸಾರ್ವಜನಿಕ ಹಣ ಬೇಕೆನ್ನುವುದು ಇದೇ ಕಾರಣಕ್ಕೆ.

ಹಂಚುವ ನಿಯಮ ಹೇಗಿರಬೇಕು ಎಂಬುದಕ್ಕೆ ಇನ್ನೊಂದು ಪಾಠ ಅಮೆರಿಕದ ಆಹಾರ ಬ್ಯಾಂಕುಗಳಿಂದ ಬರುತ್ತದೆ. ಕಂಪನಿಗಳು ದಾನ ಮಾಡುವ ಮಿಗತೆ ಆಹಾರವನ್ನು ದೇಶದ ನೂರಾರು ಆಹಾರ ಬ್ಯಾಂಕುಗಳಿಗೆ ಹಂಚುವ ಸಂಸ್ಥೆ ಈಗಿನ ಫೀಡಿಂಗ್ ಅಮೆರಿಕ. ಮೊದಲು ಸರದಿ ಪದ್ಧತಿಯಿತ್ತು: ನಿಮ್ಮ ಸರದಿ ಬಂದಾಗ ಏನಿದೆಯೋ ಅದನ್ನು ತೆಗೆದುಕೊಳ್ಳಿ ಅಥವಾ ಬಿಡಿ. ತೂಕ ಒಂದೇ ಅಳತೆ. ಆಲೂಗಡ್ಡೆ ಬೆಳೆಯುವ ಸೀಮೆಗೇ ಆಲೂಗಡ್ಡೆಯ ಲೋಡು ಹೋಗುವ ಸಾಧ್ಯತೆ ಆ ಪದ್ಧತಿಯಲ್ಲೇ ಇತ್ತು. 2005ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರ ನೆರವಿನಿಂದ ಇದನ್ನು ಬದಲಿಸಿದರು. ನಿಜವಾದ ಹಣದ ಬದಲು ‘ಷೇರು’ ಎಂಬ ಲೆಕ್ಕದ ನಾಣ್ಯ. ಯಾವ ಪ್ರದೇಶದಲ್ಲಿ ಹಸಿದವರು ಹೆಚ್ಚೋ ಅಲ್ಲಿನ ಬ್ಯಾಂಕಿಗೆ ಹೆಚ್ಚು ಷೇರು. ಬೇಕಾದ ಲೋಡಿಗೆ ಹರಾಜು ಕೂಗಬಹುದು. ಖರ್ಚಾದ ಷೇರುಗಳು ಮತ್ತೆ ಎಲ್ಲರಿಗೂ ಹಂಚಿಹೋಗುತ್ತವೆ. ಯಾರಿಗೂ ಬೇಡದ, ಸಾಗಿಸಲು ಕಷ್ಟವಾದ ಲೋಡಿಗೆ ಬೆಲೆ ಸೊನ್ನೆಗಿಂತ ಕೆಳಗೂ ಇಳಿಯಬಹುದು, ಅಂದರೆ ಒಯ್ದವರಿಗೇ ಷೇರು ಸಿಗುತ್ತದೆ.

ಹರಾಜು ಎಂದೊಡನೆ ಬಡ ಬ್ಯಾಂಕು ಹಿಂದೆ ಬೀಳುತ್ತದೆಂಬ ಅಳುಕು ಸಹಜ. ಆದರೆ ನಾಣ್ಯವನ್ನೇ ಅಗತ್ಯಕ್ಕೆ ತಕ್ಕಂತೆ ಹಂಚಿದ್ದರಿಂದ ಹಾಗಾಗಲಿಲ್ಲ. ತರಕಾರಿ ಸಾಕಷ್ಟಿದ್ದ ಕಡೆಯವರು ಅದನ್ನು ಬಿಟ್ಟು ತಮ್ಮಲ್ಲಿಲ್ಲದ ಧಾನ್ಯದ ತಿನಿಸಿಗೆ ಷೇರು ಕೂಡಿಟ್ಟರು. ಯಾರಿಗೆ ಏನು ಇಲ್ಲ ಎಂಬುದು ಕೇಂದ್ರ ಕಚೇರಿಗೆ ಎಂದೂ ಗೊತ್ತಿರಲಿಲ್ಲ. ಕೂಗಿದ ಬೆಲೆ ಅದನ್ನು ಹೇಳಿತು. ಉದ್ಯಮಗಳ ನಡುವಿನ ಹಂಚಿಕೆಯಲ್ಲೂ ಇದು ನಿಜ. ಪುಕ್ಕಟೆ ಕೊಡುವುದು ಉದಾರವಾಗಿ ಕಾಣುತ್ತದೆ, ಆದರೆ ಪುಕ್ಕಟೆಯಲ್ಲಿ ಯಾರಿಗೆ ಎಷ್ಟು ಅಗತ್ಯ ಎಂಬ ಸುದ್ದಿ ಇರುವುದಿಲ್ಲ.

ಹೆಸರಿನ ತೊಡಕು

ಕಾನೂನಿನ ಭಾಷೆಯಲ್ಲಿ ಒಂದು ವಸ್ತು ‘ತ್ಯಾಜ್ಯ’ ಆದ ಗಳಿಗೆಯಿಂದ ಅದನ್ನು ಸಾಗಿಸಲು, ಇಡಲು, ಬಳಸಲು ಪ್ರತ್ಯೇಕ ಅನುಮತಿ ಬೇಕು. ಅದೇ ವಸ್ತು ‘ಉಪಉತ್ಪನ್ನ’ ಎನಿಸಿಕೊಂಡರೆ ಸಾಮಾನ್ಯ ಸರಕು. ಯುರೋಪಿಯನ್ ಒಕ್ಕೂಟದ 2008ರ ತ್ಯಾಜ್ಯ ನಿರ್ದೇಶನ ಇದಕ್ಕೆ ನಾಲ್ಕು ಷರತ್ತು ಇಟ್ಟಿದೆ: ಮುಂದೆ ಅದರ ಬಳಕೆ ಖಚಿತವಿರಬೇಕು, ಉದ್ಯಮದಲ್ಲಿ ಮಾಮೂಲಾದ ಸಂಸ್ಕರಣೆಗಿಂತ ಹೆಚ್ಚೇನೂ ಬೇಕಿರಬಾರದು, ಉತ್ಪಾದನೆಯ ಅವಿಭಾಜ್ಯ ಭಾಗವಾಗಿ ಹುಟ್ಟಿರಬೇಕು, ಬಳಕೆ ಕಾನೂನುಬದ್ಧವೂ ಆರೋಗ್ಯ-ಪರಿಸರಕ್ಕೆ ನಿರಪಾಯವೂ ಆಗಿರಬೇಕು. ಮೊದಲ ಷರತ್ತೇ ಸಿಕ್ಕು. ಗಿರಾಕಿ ಇಲ್ಲದೆ ಬಳಕೆ ಖಚಿತವೆನ್ನಲಾಗದು, ಉಪಉತ್ಪನ್ನದ ಹೆಸರು ಸಿಗದೆ ಗಿರಾಕಿ ಬರುವುದಿಲ್ಲ.

ನಿಯಮಗಳಿಂದ ಬೇಸತ್ತ ಉದ್ಯಮಿಗಳು ಎಲ್ಲವನ್ನೂ ಸಡಿಲಿಸಿ ಎನ್ನುತ್ತಾರೆ. ಅವರ ಬೇಸರ ನನಗೆ ಅರ್ಥವಾಗುತ್ತದೆ, ಬೇಡಿಕೆಯನ್ನು ಒಪ್ಪಲಾರೆ. 1999ರಲ್ಲಿ ಬೆಲ್ಜಿಯಂನಲ್ಲಿ, ಮರುಬಳಕೆಗೆಂದು ಸಂಗ್ರಹಿಸಿದ ಕೊಬ್ಬಿನೊಳಗೆ ಟ್ರಾನ್ಸ್‌ಫಾರ್ಮರ್ ಎಣ್ಣೆ ಬೆರೆತು ಪಶು ಆಹಾರಕ್ಕೆ ಸೇರಿತು. ಡಯಾಕ್ಸಿನ್ ವಿಷ ಕೋಳಿ, ಮೊಟ್ಟೆಗಳಿಗೆ ಹಬ್ಬಿತು. ಅಂಗಡಿಗಳ ಕಪಾಟು ಖಾಲಿಯಾದವು, ಇಬ್ಬರು ಸಚಿವರು ರಾಜೀನಾಮೆ ಕೊಟ್ಟರು. ಅಮೆರಿಕದ ಮೇನ್ ರಾಜ್ಯದಲ್ಲಿ ದಶಕಗಳ ಕಾಲ ಹೊಲಗಳಿಗೆ ಗೊಬ್ಬರವಾಗಿ ಹರಡಿದ್ದ ಗಸಿಯಲ್ಲಿ ಸುಲಭವಾಗಿ ಕೊಳೆತು ಇಲ್ಲವಾಗದ ಪಿಎಫ್‌ಎಎಸ್ ರಾಸಾಯನಿಕಗಳು ಪತ್ತೆಯಾಗಿ, 2022ರಲ್ಲಿ ಆ ರಾಜ್ಯ ಹಾಗೆ ಹರಡುವುದನ್ನೇ ನಿಷೇಧಿಸಿತು. ನೆಲ ಕಳೆದುಕೊಂಡ ರೈತರು ಒಳ್ಳೆಯ ಉದ್ದೇಶದಿಂದಲೇ ಆ ಗಸಿಯನ್ನು ಬರಮಾಡಿಕೊಂಡಿದ್ದರು. ಆದ್ದರಿಂದ ಬೇಕಿರುವುದು ವಸ್ತು ಎಲ್ಲಿಂದ ಬಂತು, ಒಳಗೇನಿದೆ ಎಂಬ ಜಾಡು, ಮತ್ತು ತಿಂಗಳುಗಟ್ಟಲೆ ಕಾಯಿಸದೆ ಹೌದು-ಇಲ್ಲ ಹೇಳುವ ಅಧಿಕಾರಿ. ಒಳ್ಳೆಯ ಮನಸ್ಸಿನಿಂದ ಕೊಟ್ಟವರಿಗೆ ರಕ್ಷಣೆಯೂ ಬೇಕು. ಆಹಾರ ದಾನ ಮಾಡಿದವರ ಮೇಲೆ, ಘೋರ ನಿರ್ಲಕ್ಷ್ಯವಿಲ್ಲದಿದ್ದರೆ, ಮೊಕದ್ದಮೆಯ ಭಯ ಇರದಂತೆ ಅಮೆರಿಕ 1996ರಲ್ಲೇ ಕಾನೂನು ಮಾಡಿತು.

ವಸ್ತುವಲ್ಲದ ಮಿಗತೆ

ಮಿಕ್ಕುವುದು ಸಾಮಾನು ಮಾತ್ರವಲ್ಲ. ಸುಮ್ಮನೆ ನಿಂತ ಯಂತ್ರ, ಅರ್ಧ ಖಾಲಿ ಗೋದಾಮು, ಬರಿದಾಗಿ ಮರಳುವ ಲಾರಿಗಳಲ್ಲೂ ಹಣ ಕೊಳೆಯುತ್ತದೆ. 1958ರಲ್ಲಿ ಜರ್ಮನಿಯ ಬವೇರಿಯಾದ ಬುಖ್‌ಹೋಫನ್ ಎಂಬ ಹಳ್ಳಿಯಲ್ಲಿ ರೈತರು ಮೊದಲ ‘ಯಂತ್ರ ಬಳಗ’ ಕಟ್ಟಿದರು. ಯಂತ್ರ ಒಬ್ಬರದೇ ಸ್ವತ್ತು, ಬಿಡುವಿನಲ್ಲಿ ನಿಗದಿತ ದರಕ್ಕೆ ಉಳಿದವರ ಹೊಲದಲ್ಲಿ ದುಡಿಯುತ್ತದೆ, ಲೆಕ್ಕ ಬಳಗದ ಕಚೇರಿಯದು. ಆ ಪದ್ಧತಿ ದೇಶವೆಲ್ಲ ಹಬ್ಬಿತು. ಎಲ್ಲರಿಗೂ ಒಂದೇ ವಾರ ಯಂತ್ರ ಬೇಕಾದರೆ ಹಂಚಿಕೆ ನಡೆಯದೆಂಬ ಆಕ್ಷೇಪ ನಿಜವೇ. ಅದಕ್ಕೇ ಬೆಳೆ, ಮಣ್ಣು, ಹವಾಮಾನ ಸ್ವಲ್ಪ ಬೇರೆ ಇರುವವರು ಬಳಗದಲ್ಲಿ ಹೆಚ್ಚಿದ್ದಷ್ಟೂ ಒಳ್ಳೆಯದು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೇನೆ ಬಿಟ್ಟುಹೋದ ಮರದ ಪ್ಯಾಲೆಟ್ (ಸರಕು ಪೇರಿಸಿಡುವ ಅಡಿಹಲಗೆ), ಸರಕು ಎತ್ತುವ ಸಲಕರಣೆಗಳನ್ನು ಆಸ್ಟ್ರೇಲಿಯಾ ಸರ್ಕಾರ ಒಂದು ಸಾಮೂಹಿಕ ಭಂಡಾರವಾಗಿ ನಡೆಸಿತು. ಇಂದು ಜಗತ್ತಿನ ಗೋದಾಮುಗಳಲ್ಲಿ ಕಾಣುವ ಚೆಪ್ ಕಂಪನಿಯ ನೀಲಿ ಪ್ಯಾಲೆಟ್‌ಗಳ ಮೂಲ ಅದು. ಯಾರೂ ಪ್ಯಾಲೆಟ್ ಕೊಳ್ಳುವುದಿಲ್ಲ, ಬಾಡಿಗೆಗೆ ಪಡೆದು ಮರಳಿಸುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆತಂಕವನ್ನು ಮುಚ್ಚಿಡಲಾರೆ. ಮಿಗತೆಗೆ ಒಳ್ಳೆಯ ಬೆಲೆ ಬಂದರೆ ಮಿಗತೆಯನ್ನು ಕಡಿಮೆ ಮಾಡುವ ಮನಸ್ಸೇ ಕಡಿಮೆಯಾದೀತು. ಯುರೋಪಿನಲ್ಲಿ ಬಳಸಿದ ಅಡುಗೆ ಎಣ್ಣೆಯಿಂದ ಮಾಡಿದ ಇಂಧನಕ್ಕೆ ಪ್ರೋತ್ಸಾಹ ಕೊಟ್ಟಾಗ ಅದರ ಬೆಲೆ ಹೊಸ ತಾಳೆ ಎಣ್ಣೆಗಿಂತ ಮೇಲೇರಿ, ಹೊಸ ಎಣ್ಣೆಯನ್ನೇ ಹಳೆಯದೆಂದು ಮಾರುತ್ತಿರಬಹುದೆಂಬ ಸಂಶಯ ತನಿಖೆಗಳವರೆಗೆ ಹೋಯಿತು. ಹುಟ್ಟದಂತೆ ತಡೆಯುವುದು ಮೊದಲು, ಹಂಚುವುದು ಆಮೇಲೆ. ಈ ಕ್ರಮ ತಲೆಕೆಳಗಾಗಬಾರದು.

ಹಾಗಾದರೆ ಒಂದು ಸಾಧಾರಣ ಉದ್ಯಮ ಎಲ್ಲಿಂದ ಶುರುಮಾಡಬೇಕು? ಒಂದು ಹಾಳೆಯಿಂದ. ತಿಂಗಳಲ್ಲಿ ಗೇಟಿನೊಳಗೆ ಬಂದದ್ದೆಷ್ಟು, ಸರಕಾಗಿ ಹೊರಹೋದದ್ದೆಷ್ಟು ಎಂದು ತೂಕದಲ್ಲಿ ಬರೆದರೆ ನಡುವಿನ ಅಂತರವೇ ಮಿಗತೆ. ಅದನ್ನು ವಿಲೇವಾರಿ ಮಾಡಲು ಕೊಡುವ ಹಣದ ಜೊತೆಗೆ ಅದನ್ನು ಮೊದಲು ಕೊಳ್ಳಲು ಕೊಟ್ಟ ಹಣವನ್ನೂ ಅದೇ ಸಾಲಿನಲ್ಲಿ ಬರೆಯಬೇಕು. ಎರಡನೆಯ ಅಂಕಿ ಹೆಚ್ಚಿನ ಬಾರಿ ಮೊದಲನೆಯದಕ್ಕಿಂತ ದೊಡ್ಡದು, ಮತ್ತು ಹೆಚ್ಚಿನ ಕಡೆ ಯಾರೂ ಅದನ್ನು ಬರೆದಿರುವುದಿಲ್ಲ. ಆ ಹಾಳೆ ಹಿಡಿದು ಬೇಲಿಯಾಚೆಯವರ ಬಾಗಿಲು ತಟ್ಟಿದರೆ ಮಾತಿಗೆ ವಿಷಯ ಸಿಗುತ್ತದೆ.

ಕಲುಂಡ್‌ಬೋರ್ಗ್‌ನ ಆಸ್ನೆಸ್ ಸ್ಥಾವರದಲ್ಲಿ 2019-20ರ ಸುಮಾರಿಗೆ ಕಲ್ಲಿದ್ದಲಿನ ಜಾಗಕ್ಕೆ ಮರದ ಚಕ್ಕೆ ಸುಡುವ ಹೊಸ ಘಟಕ ಬಂತು. ಕಲ್ಲಿದ್ದಲು ಹೋದಾಗ ಅದರ ಹೊಗೆಯಿಂದ ಹುಟ್ಟುತ್ತಿದ್ದ ಜಿಪ್ಸಮ್ಮಿನ ಮೂಲವೂ ಬತ್ತಿತು. ಹೊಸ ಘಟಕದ ಉಗಿ ಮಾತ್ರ ಔಷಧ ಮತ್ತು ಕಿಣ್ವದ ಕಾರ್ಖಾನೆಗಳಿಗೆ, ಶಾಖ ಊರಿನ ಮನೆಗಳಿಗೆ ಮೊದಲಿನಂತೆ ಹರಿಯುತ್ತಿದೆ.